ಬೆನ್ನ ಹಿಂದಿನ ಕಾರು

ಅಬ್ದುಲ್ ರಹಮಾನ್ ಸಾಬರು ನರಸಿಂಹರಾಜಪುರದ ತಾಲೂಕು ಕಚೇರಿಯಲ್ಲಿ ಸರ್ವೆ ವಿಭಾಗದ ಗುಮಾಸ್ತರು. ಮನೆ ಕಡಹಿನಬೈಲಿನಲ್ಲಿ. ಕೆಲಸಕ್ಕೆ ಸೇರಿದ ಎರಡನೇ ವರ್ಷದಿಂದ ಅವರು ಕಚೇರಿಗೆ ಹೋಗಿಬರುತ್ತಿದ್ದದ್ದು ಸೈಕಲ್ಲಿನಲ್ಲೇ. ಜೊತೆಯವರು ಒಬ್ಬೊಬ್ಬರಾಗಿ ಬೈಕು ಕೊಂಡರು. ಎರಡು ಸಾವಿರದ ಆರನೇ ಇಸವಿಯ ಹೊತ್ತಿಗೆ ಕಚೇರಿಯ ಅಂಗಳದಲ್ಲಿ ಮೂರು ಕಾರುಗಳೂ ನಿಲ್ಲತೊಡಗಿದ್ದವು. ಸಾಬರ ಸೈಕಲ್ಲು ಮಾತ್ರ ಹಿಂಬದಿಯ ನೇರಳೆ ಮರಕ್ಕೆ ಒರಗಿಕೊಂಡೇ ಇತ್ತು.

ಅದಕ್ಕೊಂದು ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಡಿಕೆ ವ್ಯಾಪಾರಿಯೊಬ್ಬ ದಾರಿಯಲ್ಲಿ ಸಿಕ್ಕಿ, ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಕಚೇರಿಯವರೆಗೆ ಬಿಟ್ಟಿದ್ದ. ಎಂಟೇ ದಿನಕ್ಕೆ ಅದೇ ಮನುಷ್ಯ ಅರ್ಜಿ ಹಿಡಿದು ಮೇಜಿನ ಮುಂದೆ ಬಂದು, ಎಲ್ಲರಿಗೂ ಕೇಳುವಂತೆ, "ಎಂತ ಸಾಬ್ರೆ, ಅವತ್ತು ನಮ್ಮ ಗಾಡೀಲಿ ಬಂದಿದ್ದು ಮರೆತೇಹೋಯ್ತಾ?" ಎಂದು ನಕ್ಕ. ಸಾಬರಿಗೆ ಮೈಯೆಲ್ಲ ಚೇಳು ಹರಿದಂತಾಯಿತು. ಆ ತಿಂಗಳೇ ಸೈಕಲ್ ಕೊಂಡರು. ಅಂದಿನಿಂದ ಯಾರದೇ ಗಾಡಿ ಹತ್ತಲಿಲ್ಲ, ಎದುರಿನ ಹೋಟೆಲಿನಲ್ಲಿ ಯಾರಾದರೂ ಕಾಫಿ ಹೇಳಿದರೆ ಕುಡಿಯಲಿಲ್ಲ. ಯಾರಾದರೂ ನಗುತ್ತ ನಮಸ್ಕಾರ ಮಾಡಿದರೆ ಸಾಬರ ಕಣ್ಣು ಮೊದಲು ನೋಡುತ್ತಿದ್ದದ್ದು ಆ ಮನುಷ್ಯನ ಕೈಯಲ್ಲಿ ಕಾಗದವಿದೆಯೇ ಎಂದು.

"ಹಸುಗೂಸು ನಕ್ಕರೂ ನಿಮಗೆ ಅರ್ಜಿನೇ ಕಾಣ್ತದೆ" ಎಂದು ಹೆಂಡತಿ ಶಾಕಿರಾ ಆಡಿಕೊಳ್ಳುತ್ತಿದ್ದಳು.

ಎರಡು ಸಾವಿರದ ಆರರ ನವೆಂಬರಿನಲ್ಲಿ ಒಂದು ಬೆಳಗ್ಗೆ, ಊರಿನ ಸೇತುವೆ ದಾಟುವಾಗ, ಬಿಳಿ ಕಾರೊಂದು ಪಕ್ಕಕ್ಕೆ ಬಂದು ನಿಂತಿತು. ಒಳಗಿದ್ದವನು ಪ್ರಸನ್ನಕುಮಾರ. ಪೇಟೆಯಲ್ಲಿ ಪಂಪ್‌ಸೆಟ್ಟು, ಪೈಪುಗಳ ಅಂಗಡಿ ಇಟ್ಟವನು. ಊರಿನ ಮೇಲಿನ ಕೇರಿಯಲ್ಲಿ ಮನೆ ಕಟ್ಟಿಸಿಕೊಂಡು ಬಂದು ಎರಡು ವರ್ಷವಾಗಿತ್ತು. ನಾಲ್ಕು ಮಾತಿಗಿಂತ ಹೆಚ್ಚಿನ ಪರಿಚಯ ಇರಲಿಲ್ಲ.

"ಸಾಬ್ರೆ, ಸೈಕಲ್ ಇಲ್ಲೇ ಯಾರ ಮನೆಯಂಗಳದಲ್ಲಾದರೂ ಇಟ್ಟು ಬನ್ನಿ. ಒಟ್ಟಿಗೆ ಹೋಗೋಣ."

"ಬೇಡ ಪ್ರಸನ್ನಣ್ಣ, ನನಗೆ ಇದೇ ಅಭ್ಯಾಸ."

"ಇಷ್ಟು ಮಂಜಿನಲ್ಲಿ ಎಂತ ತುಳೀತೀರಿ ಮಾರಾಯ್ರೆ?"

"ಮಂಜು ಹತ್ತು ಗಂಟೆಗೆ ಬಿಡ್ತದೆ ಬಿಡಿ" ಎಂದು ಸಾಬರು ತುಳಿದುಕೊಂಡು ಹೋದರು.

ಮರುದಿನವೂ ಅದೇ ಜಾಗದಲ್ಲಿ ಕಾರು ನಿಂತಿತು. ಅದರ ಮರುದಿನವೂ. ನಾಲ್ಕನೇ ದಿನ ಪ್ರಸನ್ನಕುಮಾರ ಕರೆಯಲಿಲ್ಲ, ಆದರೆ ಮುಂದೆಯೂ ಹೋಗಲಿಲ್ಲ. ಸೈಕಲ್ಲಿನ ಹಿಂದೆ ಹತ್ತು ಮಾರು ಬಿಟ್ಟು, ಸೈಕಲ್ಲಿನದೇ ವೇಗದಲ್ಲಿ, ಗುರುಗುಡುತ್ತ ಬಂದ. ಸಾಬರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕಾರೂ ನಿಧಾನ ಮಾಡಿತು. ಅವರು ಇಳಿದು ಪ್ಯಾಂಟಿನ ಅಂಚು ಮಡಚಿಕೊಳ್ಳುವ ನೆಪ ಮಾಡಿದರೆ ಅದೂ ನಿಂತಿತು. ಪೇಟೆಯ ಮೊದಲ ಮನೆಗಳು ಕಾಣಿಸಿಕೊಂಡ ಮೇಲಷ್ಟೇ ಹಾರನ್ ಮಾಡಿ ಮುಂದೆ ಹೋಯಿತು.

ಕಚೇರಿ ತಲುಪಿದವರೇ ಸಾಬರು ಅರ್ಜಿಗಳ ಪುಸ್ತಕ ತೆಗೆದರು. ಬೆರಳು ಹೆಚ್ಚು ಕೆಳಗಿಳಿಯಬೇಕಾಗಲಿಲ್ಲ. ಪ್ರಸನ್ನಕುಮಾರನ ಗದ್ದೆಗೆ ಹದ್ದುಬಸ್ತು ಮಾಡಿಕೊಡಬೇಕೆಂದು, ಅಂದರೆ ಅಳೆದು ಗಡಿಕಲ್ಲು ನೆಡಿಸಬೇಕೆಂದು, ಎರಡು ತಿಂಗಳ ಹಿಂದೆಯೇ ಬಂದ ಅರ್ಜಿ ಅಲ್ಲಿತ್ತು.

"ಇದಾ ವಿಷಯ" ಎಂದುಕೊಂಡರು ಸಾಬರು. ಅವರಿಗೆ ಸಿಟ್ಟಿಗಿಂತ ಒಂದು ಥರದ ಸಮಾಧಾನವೇ ಆಯಿತು. ಕೂಡಲೇ ಆ ಕಡತವನ್ನು ತಮ್ಮ ಮೇಜಿನಿಂದ ಬಿಡಿಸಿ, ಪಕ್ಕದ ಗುಮಾಸ್ತ ವಾಸಪ್ಪನಿಗೆ ವಹಿಸುವಂತೆ ಮೇಲಿನವರಿಗೆ ಬರೆದುಕೊಟ್ಟರು.

"ನಿಮಗೂ ಅವರಿಗೂ ಎಂತ ಜಗಳ?" ಎಂದು ವಾಸಪ್ಪ ಕೇಳಿದ.

"ಜಗಳ ಇಲ್ಲ. ಜಗಳ ಬರಬಾರದು ಅಂತ."

ಸರದಿ ಬಂದಾಗ ಸರ್ವೆಯರು ಹೋಗಿ ಅಳೆದರು, ಕಲ್ಲು ನೆಟ್ಟರು, ಕಡತ ಮುಗಿಯಿತು. ಡಿಸೆಂಬರ್ ಇಪ್ಪತ್ತರ ಸುಮಾರು. ಇನ್ನು ಆ ಮನುಷ್ಯ ತನ್ನ ದಾರಿ ತಾನು ನೋಡಿಕೊಳ್ಳುತ್ತಾನೆ ಎಂದು ಸಾಬರು ಮರುದಿನ ನೆಮ್ಮದಿಯಿಂದ ಸೈಕಲ್ ಹತ್ತಿದರು. ಸೇತುವೆಯ ಬಳಿ ಕಾರು ನಿಂತೇ ಇತ್ತು.

"ಬನ್ನಿ ಸಾಬ್ರೆ, ಇವತ್ತಾದರೂ."

ಇಷ್ಟು ವರ್ಷದ ಲೆಕ್ಕಾಚಾರ ಮೊದಲ ಸಲ ತಪ್ಪಿತ್ತು. ಕೆಲಸ ಮುಗಿದ ಮೇಲೂ ನಗುವ ಮನುಷ್ಯನನ್ನು ಸಾಬರು ಕಂಡಿರಲಿಲ್ಲ. ಬೇಕಾದ್ದೇನೆಂದು ಗೊತ್ತಿದ್ದಾಗ ಇರದಿದ್ದ ಅಂಜಿಕೆ ಈಗ ಹುಟ್ಟಿತು.

ಅವರು ಕಾರನ್ನು ಗಮನಿಸತೊಡಗಿದರು. ಪ್ರಸನ್ನಕುಮಾರ ಒಬ್ಬನೇ ಹೋಗುವುದು ಅಪರೂಪ. ಸಂತೆಗೆ ಹೊರಟ ಮುದುಕಿ, ಬಸ್ಸು ತಪ್ಪಿದ ಮೇಷ್ಟ್ರು, ಯಾರು ಸಿಕ್ಕರೂ ಹತ್ತಿಸಿಕೊಳ್ಳುತ್ತಿದ್ದ; ಹಿಂದಿನ ಸೀಟು ಖಾಲಿ ಇದ್ದರೂ ಮುಂದೆಯೇ ಕೂರಿಸುತ್ತಿದ್ದ. ಯಾರೂ ಸಿಗದ ದಿನ ಸಾಬರ ಸೈಕಲ್ಲಿನ ಹಿಂದೆ ಬರುತ್ತಿದ್ದ. ಒಮ್ಮೊಮ್ಮೆ ಕಾರು ದಾರಿಯ ಬದಿಗೆ ಇಂಜಿನ್ ಚಾಲೂ ಇಟ್ಟುಕೊಂಡೇ ನಿಂತಿರುತ್ತಿತ್ತು. ಒಳಗೆ ಅವನು ಸ್ಟೇರಿಂಗಿಗೆ ತಲೆಯಿಟ್ಟು ಕೂತಿರುತ್ತಿದ್ದ.

"ಡಿಕ್ಕಿಯಲ್ಲಿ ಎಂತದೋ ಸಾಗಿಸ್ತಾ ಇದ್ದಾನೆ" ಎಂದರು ಸಾಬರು ಊಟಕ್ಕೆ ಕೂತಾಗ. "ಗಂಧವೋ ಬೀಟೆಯೋ. ಫಾರೆಸ್ಟಿನವರು ನಿಲ್ಲಿಸಿದರೆ ಜೊತೆಯಲ್ಲಿ ಒಬ್ಬ ಮರ್ಯಾದಸ್ಥ ಇರಲಿ ಅಂತ ಜನರನ್ನು ಹತ್ತಿಸಿಕೊಳ್ಳೋದು. ಸರ್ಕಾರಿ ಗುಮಾಸ್ತ ಆದರೆ ಇನ್ನೂ ಒಳ್ಳೇದು."

"ಪಂಪ್‌ಸೆಟ್ ಮಾರೋನು ಪೇಟೆ ಕಡೆಗೆ ಬೀಟೆ ಸಾಗಿಸ್ತಾನಾ? ಬೇಕಾದರೆ ಒಂದು ದಿನ ಹತ್ತಿ ನೋಡಿ ಬನ್ನಿ" ಎಂದಳು ಶಾಕಿರಾ.

ಅವಳು ತಮಾಷೆಗೆ ಅಂದದ್ದು. ಸಾಬರು ಮಾತ್ರ ಎರಡು ದಿನ ಅದನ್ನೇ ಯೋಚಿಸಿ, ಜನವರಿಯ ಒಂದು ಸೋಮವಾರ ಸೈಕಲ್ಲನ್ನು ಸೇತುವೆಯ ಪಕ್ಕದ ಮನೆಯ ಅಂಗಳದಲ್ಲಿಟ್ಟು ಕಾರಿನ ಹತ್ತಿರ ಹೋದರು.

"ಡಿಕ್ಕಿ ತೆಗೀರಿ, ಛತ್ರಿ ಇಡ್ತೀನಿ" ಎಂದರು.

ಛತ್ರಿ ಇಡುವಂಥ ಕಾಲವಲ್ಲದಿದ್ದರೂ ಪ್ರಸನ್ನಕುಮಾರ ಮರುಮಾತಾಡದೆ ತೆಗೆದ. ಒಳಗೆ ಒಂದು ಸ್ಟೆಪ್ನಿ ಟೈರು, ಎರಡು ಸುತ್ತು ಕಪ್ಪು ಪೈಪು. ಸಾಬರು ಪೈಪಿನ ಸುತ್ತನ್ನೂ ಸ್ವಲ್ಪ ಎತ್ತಿ ನೋಡಿದರು.

ಕಾರು ಹೊರಟಿತು. "ಎಂತಾದರೂ ಮಾತಾಡ್ತಾ ಇರಿ ಸಾಬ್ರೆ. ಸುಮ್ಮನೆ ಕೂರಬೇಡಿ" ಎಂದ ಪ್ರಸನ್ನಕುಮಾರ. ಅವನ ಹಣೆ ಆ ಚಳಿಯಲ್ಲೂ ಬೆವೆತಿತ್ತು. ಸಾಬರು ಮಾತಾಡುವ ಬದಲು ಅವನ ಕೈಗಳನ್ನೇ ನೋಡುತ್ತ ಕೂತರು. ಕೊನೆಗೆ ಅವನೇ ಶುರು ಮಾಡಿದ. ಗದ್ದೆಯ ಕಲ್ಲು ನೆಟ್ಟದ್ದು, ಪಕ್ಕದ ಗದ್ದೆಯವರು ತಕರಾರು ಮಾಡದೆ ಒಪ್ಪಿದ್ದು.

"ನೀವೇ ಬರ್ತೀರಿ ಅಂದುಕೊಂಡಿದ್ದೆ. ನೋಡಿದರೆ ವಾಸಪ್ಪನವರು ನೋಟಿಸು ಕಳ್ಸಿದ್ರು. ಆಮೇಲೆ ಸರ್ವೆಯರು ಬಂದು ಸರಪಳಿ ಹಿಡಿದು..."

ಮಾತು ಅಲ್ಲಿಗೆ ನಿಂತಿತು. ಸಾಬರು ತಿರುಗಿ ನೋಡಿದರು. ಅವನ ಕಣ್ಣು ತೆರೆದೇ ಇತ್ತು, ಆದರೆ ಆ ಕಣ್ಣಿನಲ್ಲಿ ಯಾರೂ ಇರಲಿಲ್ಲ. ತುಟಿ ಮಾತ್ರ ಏನನ್ನೋ ಚಪ್ಪರಿಸುವಂತೆ ಅಲ್ಲಾಡುತ್ತಿತ್ತು. ಕೈ ಸ್ಟೇರಿಂಗಿನ ಮೇಲೆ ಸುಮ್ಮನೆ ಬಿದ್ದಿತ್ತು. ಕಾರು ರಸ್ತೆಯ ಬಲಕ್ಕೆ, ಕೆಳಗಿನ ಗದ್ದೆಯ ಕಡೆಗೆ ವಾಲುತ್ತ ಹೋಯಿತು.

"ಪ್ರಸನ್ನಣ್ಣ! ಏ ಪ್ರಸನ್ನಣ್ಣ!"

ಸಾಬರಿಗೆ ಕಾರು ಬಿಡಲು ಬರುತ್ತಿರಲಿಲ್ಲ. ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ತಮ್ಮ ಕಡೆಗೆ ಎಳೆದರು. ಕಾರು ಎಡಕ್ಕೆ ಹೊರಳಿ, ರಸ್ತೆ ಬಿಟ್ಟು, ಗುಡ್ಡ ಕಡಿದ ಮಣ್ಣಿನ ದರೆಗೆ ಮೂತಿ ತಾಗಿಸಿ, ಒಮ್ಮೆ ನಡುಗಿ ಬಂದಾಯಿತು. ಮೇಲಿನಿಂದ ಒಂದಿಷ್ಟು ಮಣ್ಣು ಗಾಜಿನ ಮೇಲೆ ಉದುರಿತು. ಸಾಬರ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದು ರಕ್ತ ಬರುತ್ತಿತ್ತು.

ಅರ್ಧ ನಿಮಿಷ ಕಳೆದಿರಬಹುದು. "...ಮೂಲೆ ಮೂಲೆ ಅಳೆದರು" ಎಂದ ಪ್ರಸನ್ನಕುಮಾರ, ಬಿಟ್ಟಲ್ಲಿಂದಲೇ. ಆಮೇಲೆ ಎದುರಿನ ದರೆಯನ್ನು ನೋಡಿದ. ಸಾಬರ ಮುಖ ನೋಡಿದ. ಏನಾಯಿತೆಂದು ಕೇಳಲಿಲ್ಲ. ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಒಂದು ವರ್ಷದಿಂದ ಹೀಗೆ. ಶಿವಮೊಗ್ಗದ ಡಾಕ್ಟರು ಇದೂ ಒಂದು ಬಗೆಯ ಮೂರ್ಛೆಯೇ ಎಂದು ಹೇಳಿ ಮಾತ್ರೆ ಬರೆದುಕೊಟ್ಟಿದ್ದರು. ಗಾಡಿ ಮುಟ್ಟಲೇಬಾರದು ಎಂದಿದ್ದರು. ಹೆಂಡತಿ ರಶ್ಮಿಗೆ ಅವನು ಹೇಳಿದ್ದು ಬಿ.ಪಿ. ಮಾತ್ರೆಯೆಂದು.

"ಮೂರ್ಛೆ ರೋಗದವನು ಅಂತ ಒಂದು ಸಲ ಹೆಸರು ಬಿದ್ದರೆ ಮುಗೀತು ಸಾಬ್ರೆ. ಅಂಗಡಿಗೆ ಯಾರು ಬರ್ತಾರೆ? ಕಾರು ಬಿಟ್ಟರೆ ಯಾಕೆ ಬಿಟ್ಟೆ ಅಂತ ಇಡೀ ಊರು ಕೇಳ್ತದೆ. ಪಕ್ಕದಲ್ಲಿ ಒಬ್ಬರು ಮಾತಾಡ್ತಾ ಕೂತರೆ ಅದು ಬರೋದು ಕಡಿಮೆ."

"ಮತ್ತೆ ನನ್ನ ಹಿಂದೆ ಯಾಕೆ ಬರ್ತಿದ್ರಿ?"

"ನಿಮ್ಮ ಸೈಕಲ್ ಮಡ್ಗಾರ್ಡಿನ ಕೆಂಪು ಬಿಲ್ಲೆ ನೋಡ್ಕೊಂಡು ಬಂದರೆ ಮನಸ್ಸು ಒಂದೇ ಕಡೆ ನಿಲ್ತದೆ. ಸ್ಪೀಡೂ ಏರೋದಿಲ್ಲ."

ಎರಡು ತಿಂಗಳಿಂದ ಆ ಕಾರು ಗುರಿಯಿಟ್ಟದ್ದು ಸಾಬರ ಬೆನ್ನಿಗೆ. ಕಾಗದ, ಕಡತ, ಬೀಟೆ ಎಂದು ಏನೇನನ್ನೋ ಅನುಮಾನಿಸಿದ್ದರು. ಇದನ್ನು ಮಾತ್ರ ಅನುಮಾನಿಸಿರಲಿಲ್ಲ.

"ಯಾರಿಗೂ ಹೇಳಬೇಡಿ. ದಿನಾ ನನ್ನ ಜೊತೆ ಬನ್ನಿ, ಸಾಕು" ಎಂದ ಅವನು.

"ಕೀ ಕೊಡಿ."

ಅವನು ಕೊಡಲಿಲ್ಲ. ಸಾಬರು ಇಳಿದು, ಕುಂಟುತ್ತ ಪೇಟೆಯವರೆಗೆ ನಡೆದರು.

ಮೂರು ದಿನ ಅವರು ಯಾರಿಗೂ ಏನೂ ಹೇಳಲಿಲ್ಲ. ಮತ್ತೊಬ್ಬರ ಕಾಯಿಲೆಯನ್ನು ಊರಲ್ಲಿ ಹರಡುವುದು ಸಣ್ಣತನ ಎನ್ನಿಸಿತು. ಗುರುವಾರ ಬೆಳಗ್ಗೆ ಆ ಕಾರು ಅವರನ್ನು ದಾಟಿ ಹೋಯಿತು. ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಶಾಲೆಯ ಚೀಲ ಇಟ್ಟುಕೊಂಡು, ನೆರೆಮನೆಯ ಭೈರಮ್ಮನ ಮೊಮ್ಮಗಳು ಸಿರಿ ಕೂತಿದ್ದಳು. ಸಾಬರನ್ನು ಕಂಡು ಕೈ ಬೀಸಿದಳು.

ಅಂದು ಮಧ್ಯಾಹ್ನ ಅವರು ಅರ್ಧ ದಿನ ರಜೆ ಹಾಕಿ, ಪ್ರಸನ್ನಕುಮಾರ ಅಂಗಡಿಯಲ್ಲಿರುವಾಗಲೇ ಅವನ ಮನೆಗೆ ಹೋದರು. ರಶ್ಮಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಅವಳ ಮುಖ ಬಿಗಿಯುತ್ತ ಹೋಯಿತು.

"ನಿಮಗೆ ಎಂತ ಬೇಕಿತ್ತು ಸಾಬ್ರೆ?"

"ನನಗೆ ಎಂತದೂ ಬೇಡ ತಂಗಿ."

"ಹದ್ದುಬಸ್ತಿನ ವಿಷಯ ಏನಾದರೂ ಬಾಕಿ ಇದ್ದರೆ ನೇರವಾಗಿ ಹೇಳಿ. ಇಂಥ ಕಥೆ ಕಟ್ಟಿಕೊಂಡು ಮನೆಗೆ ಬರಬೇಡಿ. ನಮ್ಮ ಫೈಲನ್ನು ನೀವು ಬೇರೆಯವರಿಗೆ ತಳ್ಳಿದ್ದೂ ನನಗೆ ಗೊತ್ತು."

ಏನೂ ಬೇಡದವನನ್ನು ಯಾರೂ ನಂಬುವುದಿಲ್ಲ ಎಂಬುದು ಈ ಕಡೆ ನಿಂತು ನೋಡಿದಾಗ ಹೀಗಿರುತ್ತದೆಂದು ಸಾಬರಿಗೆ ಗೊತ್ತಿರಲಿಲ್ಲ. ಪ್ಯಾಂಟನ್ನು ಮೇಲೆತ್ತಿ ಮೊಣಕಾಲಿನ ಗಾಯ ತೋರಿಸಿದರು.

"ಕಾರಿನ ಎಡಗಡೆ ಬಂಪರ್ ನೋಡಿ. ಮಾತ್ರೆ ಚೀಟಿ ಯಾವುದಾದರೂ ಔಷಧದ ಅಂಗಡಿಯಲ್ಲಿ ತೋರಿಸಿ ಕೇಳಿ. ಸುಳ್ಳಾದರೆ ನನ್ನ ಮನೆಗೆ ಬಂದು ಬೈಯಿರಿ" ಎಂದು ಹೇಳಿ ಮೆಟ್ಟಿಲಿಳಿದರು.

ಅವಳು ಬೈಯಲು ಬರಲಿಲ್ಲ. ಶುಕ್ರವಾರದಿಂದ ಕಾರು ರಸ್ತೆಗಿಳಿಯಲಿಲ್ಲ. ಮಾರ್ಚಿನಲ್ಲಿ ಇಳಿಯಿತು, ಮುಂದೆ ಕೆಂಪು ಅಕ್ಷರದ ಎಲ್ ಬೋರ್ಡು, ಸ್ಟೇರಿಂಗಿನಲ್ಲಿ ರಶ್ಮಿ, ಪಕ್ಕದಲ್ಲಿ ಪೇಟೆಯ ಡ್ರೈವಿಂಗ್ ಶಾಲೆಯವರು. ಊರವರು ಕೇಳಿದರು, ನಕ್ಕರು, ನೋಡಿ ನೋಡಿ ಸುಮ್ಮನಾದರು. ಕಾಯಿಲೆಯ ಸುದ್ದಿ ಹೇಗೋ ಹೊರಬಿತ್ತು. ಅಂಗಡಿಗೆ ಬರುವವರು ಮೊದಲ ಕೆಲವು ವಾರ ಪ್ರಸನ್ನಕುಮಾರನ ಮುಖವನ್ನು ಒಂದು ಥರ ನೋಡಿದರೇ ಹೊರತು ಪೈಪು ಕೊಳ್ಳುವುದನ್ನು ಬಿಡಲಿಲ್ಲ.

ಆದರೆ ಅವನು ಸಾಬರ ಜೊತೆ ಮಾತು ಬಿಟ್ಟ. ಎದುರು ಸಿಕ್ಕರೆ ಮುಖ ತಿರುಗಿಸಿ ಹೋಗುತ್ತಿದ್ದ. ಹೀಗೆ ಒಂದೂವರೆ ವರ್ಷ. ಸಾಬರಿಗೆ ಅದು ಒಳಗೊಳಗೇ ಕೊರೆಯುತ್ತಿತ್ತು. ಶಾಕಿರಾ ಎಷ್ಟು ಸಲ ಹೇಳಿದರೂ ತಾವಾಗಿ ಹೋಗಿ ಮಾತಾಡಿಸುವ ಧೈರ್ಯ ಬರಲಿಲ್ಲ.

ಎರಡು ಸಾವಿರದ ಎಂಟರ ಆಗಸ್ಟಿನಲ್ಲಿ, ರಶ್ಮಿ ತವರಿಗೆ ಹೋಗಿದ್ದ ವಾರ, ಪ್ರಸನ್ನಕುಮಾರ ಬಸ್ಸಿಗೆಂದು ನಡೆದು ಹೋಗುತ್ತಿದ್ದ. ಸಾಬರು ಅವನನ್ನು ದಾಟಿ ನಾಲ್ಕು ಮಾರು ಹೋದವರು, ಏನನ್ನಿಸಿತೋ, ಸೈಕಲ್ಲಿನಿಂದ ಇಳಿದು ನಿಂತರು. ಅವನು ಹತ್ತಿರ ಬಂದ. ಇಬ್ಬರೂ ಜೊತೆಯಾಗಿ ನಡೆದರು.

"ಏಳು ತಿಂಗಳಾಯ್ತು, ಒಂದು ಸಲನೂ ಬಂದಿಲ್ಲ" ಎಂದ ಅವನು, ರಸ್ತೆಯನ್ನೇ ನೋಡುತ್ತ.

"ಒಳ್ಳೇದಾಯ್ತು."

"ಆದರೂ ನೀವು ಹೇಳಬಾರದಿತ್ತು. ನನ್ನನ್ನೇ ಇನ್ನೊಂದು ಸಲ ಕೇಳಬೇಕಿತ್ತು."

"ಕೇಳಿದರೆ ಕೀ ಕೊಡ್ತಿದ್ರಾ?"

ಪ್ರಸನ್ನಕುಮಾರ ಯೋಚಿಸಿದ. "ಇಲ್ಲ" ಎಂದ.

ಬಸ್ಸು ತಿರುವಿನಲ್ಲಿ ಕಾಣಿಸಿತು. ಅವನು ಕೈಯೆತ್ತಿ ನಿಲ್ಲಿಸಿ, ಮೆಟ್ಟಿಲ ಮೇಲೆ ಕಾಲಿಟ್ಟವನು ತಿರುಗಿ, "ಸಂಜೆ ಅಂಗಡಿ ಕಡೆ ಬನ್ನಿ ಸಾಬ್ರೆ, ಕಾಫಿ ಕುಡಿಯೋಣ" ಎಂದ.

ಯಾಕೆ ಕರೆಯುತ್ತಾನೆ ಎಂದು ಸಾಬರ ಮನಸ್ಸು ಅಷ್ಟರಲ್ಲೇ ಹುಡುಕಾಟಕ್ಕೆ ಇಳಿದಿತ್ತು. ಅದು ಏನನ್ನಾದರೂ ಹುಡುಕಿ ತೆಗೆಯುವ ಮೊದಲೇ ಅವರು, "ಬರ್ತೀನಿ" ಎಂದುಬಿಟ್ಟರು.