ಯಾರೂ ಒಲ್ಲೆ ಎನ್ನದ ಪುಸ್ತಕ

ಅಕ್ಕೋರ ಮೊದಲ ಪುಸ್ತಕವನ್ನು ಯಾವ ಪ್ರಕಾಶಕರೂ ತಿರಸ್ಕರಿಸಲಿಲ್ಲ. ಅದು ಪ್ರಕಾಶಕರ ಕೈಗೆ ತಲುಪಲೇ ಇಲ್ಲ. ತಲುಪದಂತೆ ನೋಡಿಕೊಂಡವನು ನಾನು. ಆಮೇಲೆ, ಆಕೆಯ ಮುಖ ನೋಡದೆ, "ಅವರು ಒಲ್ಲೆ ಅಂದ್ರು" ಎಂದು ಹೇಳಿದವನೂ ನಾನೇ.

ಆಕೆಯ ಹೆಸರನ್ನು ಬರೆಯುವುದಿಲ್ಲ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ, ಅಷ್ಟು ಸಾಕು. ಬಸವನ ಬಾಗೇವಾಡಿ ತಾಲೂಕಿನ ಪ್ರಾಥಮಿಕ ಶಾಲೆಯೊಂದರಲ್ಲಿ ಕಲಿಸುತ್ತ, ಮಕ್ಕಳಿಗಾಗಿ ಪುಸ್ತಕ ಬರೆದು, ಈಗ ನಾಲ್ಕು ಜನರ ಬಾಯಲ್ಲಿ ಇರುವವರು. ಅವರ ಬಗ್ಗೆ ಹೇಳುವ ಕಥೆಯೊಂದಿದೆ — ಮೊದಲು ಪ್ರಕಾಶಕರು ಒಲ್ಲೆ ಎಂದರಂತೆ, ಆಕೆ ಎದೆಗುಂದಲಿಲ್ಲವಂತೆ, ತಿದ್ದಿಕೊಂಡು ಮತ್ತೆ ಬರೆದು ಗೆದ್ದರಂತೆ. ಸಭೆಗಳಲ್ಲಿ ಹೇಳುತ್ತಾರೆ, ಶಾಲೆಯ ಗೋಡೆಪತ್ರಿಕೆಯಲ್ಲಿ ಬರೆಯುತ್ತಾರೆ. ಕೇಳಲು ಚೆನ್ನಾಗಿದೆ. ಸುಳ್ಳು.

ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಸಿಂದಗಿಯ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತ, ತಿರುಗುಮುರುಗಾದ ಅಕ್ಷರಗಳಿಂದಲೇ ಓದು ಕಲಿತೆ. ಲಗ್ನಪತ್ರಿಕೆಯಿಂದ ಹಿಡಿದು ಪುರಾಣದವರೆಗೆ ಜೋಡಿಸಿದ್ದನ್ನೆಲ್ಲ ಓದಿದೆ, ಓದಿದ್ದನ್ನೆಲ್ಲ ಶಂಕಿಸಿದೆ. 'ಈ ಕಲ್ಲು ಸಾವಿರ ವರ್ಷದ್ದು' ಎಂದರೆ 'ಎಣಿಸಿದವರು ಯಾರು?' ಎಂದು ಕೇಳುವುದು ನನ್ನ ಸ್ವಭಾವ. ಪತ್ರಿಕೆಗಳಿಗೂ ಅದನ್ನೇ ಬರೆದೆ. ಆ ಹಟಕ್ಕೆ ಒಂದಿಷ್ಟು ಗೌರವ ದೊರೆಯಿತು. ವಿಜಯಪುರದ ಪ್ರಕಾಶಕರೊಬ್ಬರು, ಈಗ ಅವರೂ ಇಲ್ಲ, ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಹಸ್ತಪ್ರತಿಗಳನ್ನೆಲ್ಲ ಮೊದಲು ನನ್ನ ಕೈಗೇ ಕೊಡಿಸುತ್ತಿದ್ದರು. ನಾನು ಓದಿ ಒಪ್ಪಿದ್ದು ಮಾತ್ರ ಮುಂದೆ ಹೋಗುತ್ತಿತ್ತು.

ಮುಳವಾಡದ ಏತ ನೀರಾವರಿ ಕಾಲುವೆಗೆ ಹೊಸದಾಗಿ ನೀರೆತ್ತುತ್ತಿದ್ದ ಕಾಲ. ಮುದ್ದೇಬಿಹಾಳದ ಒಂದು ಮದುವೆಯಲ್ಲಿ ಅಕ್ಕೋರು ಊಟದ ಪಂಕ್ತಿಯಿಂದ ಎದ್ದುಬಂದು ತಮ್ಮ ಹಸ್ತಪ್ರತಿಯನ್ನು ನನಗೆ ಕೊಟ್ಟರು.

"ಕಾಕಾರ, ಬೈಬ್ಯಾಡ್ರಿ ಮತ್ತ. ಮೂಢನಂಬಿಕಿ ಅಂತೀರಿ ನೀವು, ನನಗ ಗೊತ್ತೈತಿ."

"ಓದದಽ ಹೆಂಗ ಬೈಯ್ಲಿ? ಓದಿ ಬೈತೇನಿ ತಗೋರಿ," ಎಂದೆ. ಇಬ್ಬರೂ ನಕ್ಕೆವು.

ಹಗಲಿನಲ್ಲಿ ಕಥೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ — ಹಿರಿಯರು ಮಕ್ಕಳ ಕಾಟ ತಪ್ಪಿಸಿಕೊಳ್ಳಲು ಹೇಳುವ ಈ ಮಾತನ್ನು ಕೇಳದವರಿಲ್ಲ. ಆದರೆ ಶಾಲೆ ನಡೆಯುವುದು ಹಗಲಿನಲ್ಲಿಯೇ. ಒಂದು ದಿನ ಅಕ್ಕೋರು ತರಗತಿಯಲ್ಲಿ ಕಥೆ ಆರಂಭಿಸಿದಾಗ ಒಬ್ಬ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು, "ಬ್ಯಾಡ್ರಿ ಅಕ್ಕೋರ, ಇವತ್ತ ನಮ್ಮ ಮಾಮಾ ಬರಾಂವ ಅದಾನ್ರಿ!" ಎಂದು ಅತ್ತಳಂತೆ. ಪುಸ್ತಕ ಹುಟ್ಟಿದ್ದು ಅಲ್ಲಿ. ಒಬ್ಬ ಸೋದರಮಾವ ಸೊಸೆಗೆಂದು ಶೇಂಗಾ ಉಂಡಿ ಕಟ್ಟಿಕೊಂಡು ಇಂಡಿಯಿಂದ ಮುದ್ದೇಬಿಹಾಳಕ್ಕೆ ಹೊರಡುತ್ತಾನೆ. ಎಲ್ಲೋ ಒಂದು ಶಾಲೆಯಲ್ಲಿ ಯಾರೋ ಒಂದು ಕಥೆ ಆರಂಭಿಸುತ್ತಾರೆ. ಅವನ ದಾರಿ ಹೊರಳುತ್ತದೆ. ಲಚ್ಯಾಣಕ್ಕೆ ಹೋಗಿ ಮಠದಲ್ಲಿ ಉಂಡು ಮಲಗುತ್ತಾನೆ. ಮುಳವಾಡಕ್ಕೆ ಬರುತ್ತಾನೆ. ಅಲ್ಲಿ ನೀರು ಏರಿನ ಮೇಲಕ್ಕೆ ಹತ್ತುವುದನ್ನು ಕಂಡು, ತಾನೇ ತಲೆಕೆಳಗಾಗಿ ನಡೆಯುತ್ತಿದ್ದೇನೆಂದು ಹೆದರಿ, ಟೊಪ್ಪಿಗೆ ಆಕಾಶಕ್ಕೆ ಬಿದ್ದೀತೆಂದು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ —

ಓದುತ್ತ ಅಲ್ಲಿಗೆ ಬಂದಾಗ ನಾನು ಸಿಂದಗಿಯ ಬಸ್ಸಿನಲ್ಲಿದ್ದೆ. ನಕ್ಕೆ. ತುಂಬಿದ ಬಸ್ಸಿನಲ್ಲಿ, ಎದುರಿನವರು ತಿರುಗಿ ನೋಡುವಂತೆ. ಕಂಡಕ್ಟರ್ ಟಿಕೀಟು ಹರಿಯುವುದನ್ನು ಬಿಟ್ಟು, "ಏನ್ರಿ ಅಜ್ಜಾರ, ಒಬ್ಬರಽ ನಗಾಕತ್ತೀರಿ? ನಮಗೂ ಒಂದೀಟ ಹಂಚ್ರಲಾ!" ಎಂದ.

ಹಂಚಲಿಲ್ಲ. ಹಾಳೆಗಳನ್ನು ಚೀಲಕ್ಕೆ ಸೇರಿಸಿದೆ. ಯಾಕೆಂದರೆ ಆ ನಗೆಯ ಬೆನ್ನಿಗೇ ಬೇರೊಂದು ಬಂದಿತ್ತು. ನಾನೂ ಮಕ್ಕಳಿಗಾಗಿ ಬರೆದವನು — ಹರೆಯದಲ್ಲಿ, ಅಚ್ಚುಮನೆಯ ಕೆಲಸ ಮುಗಿಸಿ, ವರ್ಷಗಟ್ಟಲೆ. ಶುದ್ಧವಾಗಿ, ತರ್ಕಬದ್ಧವಾಗಿ ಬರೆದೆ. ಬಸ್ಸಿನಲ್ಲಿ ಒಬ್ಬ ಮುದುಕ ನಗುವಂಥ ಒಂದು ಸಾಲು ಅದರಲ್ಲಿರಲಿಲ್ಲ. ಎಂದೂ ಇರಲಾರದು ಎಂಬುದು ಆ ಬಸ್ಸಿನಲ್ಲಿ ಗೊತ್ತಾಯಿತು. ಇದನ್ನು ಹೊಟ್ಟೆಕಿಚ್ಚು ಎನ್ನಲೇ? ಆ ಶಬ್ದ ಸಣ್ಣದಾಯಿತು. ಆದರೆ ದೊಡ್ಡ ಶಬ್ದ ಹುಡುಕಿದರೆ ಅದು ನನ್ನನ್ನು ನಾನು ಬಚಾವು ಮಾಡಿಕೊಂಡಂತೆ. ಹೊಟ್ಟೆಕಿಚ್ಚೇ.

ವಿಜಯಪುರಕ್ಕೆ ಎಷ್ಟೋ ಸಲ ಹೋದೆ, ಹಸ್ತಪ್ರತಿಯನ್ನು ಒಯ್ಯಲಿಲ್ಲ. ಅಕ್ಕೋರು ಕೇಳಲು ಬಂದ ದಿನ ಅದನ್ನು ಅವರ ಕೈಗೆ ಮರಳಿಸಿದೆ.

"ಅವರು ಒಲ್ಲೆ ಅಂದ್ರು."

"ಯಾಕಂತ್ರಿ?"

ಕಾರಣವನ್ನೂ ಆಗಲೇ ಸೃಷ್ಟಿಸಿದೆ. "ಮೂಢನಂಬಿಕಿ ಐತಿ. ನೀತಿ ಇಲ್ಲ. ಹುಡುಗೂರಿಗೆ ಏನ ಕಲಿಸ್ತೈತಿ ಇದು, ಅಂದ್ರು."

ಅಕ್ಕೋರು ತಲೆಯಾಡಿಸಿದರು. ವಾದಿಸಲಿಲ್ಲ. ವಾದಿಸಿದ್ದರೆ — ಒಂದೇ ಒಂದು ಸಲ 'ನೀವೇನಂತೀರಿ ಕಾಕಾರ?' ಎಂದು ಕೇಳಿದ್ದರೆ, ಬಹುಶಃ ನಾನು... ಇಲ್ಲ. ಇದು ತಪ್ಪನ್ನು ಅವರ ಮೇಲೆ ಹಾಕುವ ಮಾತು. ತೆಗೆದುಹಾಕುತ್ತೇನೆ.

ಆ ಹಾಳೆಗಳು ಅವರ ಮನೆಯ ನೀರೊಲೆಗೆ ಹೋದವೆಂದು ಆಮೇಲೆ ಅವರೇ ನಗುತ್ತ ಹೇಳಿದರು. ಬೇರೆ ಪ್ರತಿ ಇರಲಿಲ್ಲ. ನಾನು ಹುಟ್ಟಿಸಿದ ಕಾರಣಗಳನ್ನು ನಂಬಿ ಅವರು ಹೊಸದಾಗಿ ಬರೆಯತೊಡಗಿದರು. ಅಲ್ಲಿ ಇಲ್ಲಿ ಕಳುಹಿಸಿದರು; ವರ್ಷಗಳ ನಂತರ ಧಾರವಾಡದ ಒಬ್ಬರು ಅಚ್ಚು ಹಾಕಿದರು. ಹಲ್ಲುಜ್ಜುವ ಮೊಲ, ತಪ್ಪದೆ ಶಾಲೆಗೆ ಹೋಗುವ ಗುಬ್ಬಿ, ಗಿಡ ನೆಡುವ ಕೋತಿ. ಕೆಟ್ಟ ಪುಸ್ತಕವಲ್ಲ. ಓದಿದ ಮಕ್ಕಳು ಕೈ ತೊಳೆದುಕೊಳ್ಳುತ್ತಾರೆ.

ಬಾಗೇವಾಡಿಯಲ್ಲಿ ಅದರ ಬಿಡುಗಡೆ. ಮುಖ್ಯ ಅತಿಥಿಯಾಗಿ ನನ್ನನ್ನೇ ಕರೆದರು. "ಅವತ್ತ ಅವರು ಒಲ್ಲೆ ಅಂದಿದ್ದಽ ನನಗ ಪಾಠ ಆತು" ಎಂದು ಅಕ್ಕೋರು ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ನಾನೂ ಎದ್ದು, ತಿರಸ್ಕಾರವೇ ಲೇಖಕನ ಗುರು ಎಂಬರ್ಥದ ಹತ್ತು ವಾಕ್ಯ ಆಡಿದೆ. ಎಲ್ಲರ ಐತಿಹ್ಯಗಳಿಗೂ ಸಾಕ್ಷಿ ಕೇಳಿದವನು ನನ್ನದೇ ಸುಳ್ಳನ್ನು ಧ್ವನಿವರ್ಧಕದಲ್ಲಿ ಸ್ಥಾಪಿಸಿ ಕೆಳಗಿಳಿದೆ.

ಕಳೆದ ತಿಂಗಳು ಅಕ್ಕೋರ ಫೋನು ಬಂತು. ಪುಸ್ತಕದ ಎರಡನೆಯ ಮುದ್ರಣಕ್ಕೆ ನಾನು ಮುನ್ನುಡಿ ಬರೆಯಬೇಕು. ಆ ಹಳೆಯ ತಿರಸ್ಕಾರದ ಸಂಗತಿ ಅದರಲ್ಲಿ ಬರಬೇಕು. ನಾನು ಬಸ್ಸು ಹಿಡಿದು ಇಂಗಳೇಶ್ವರಕ್ಕೆ, ಅವರ ಮನೆಗೆ ಹೋದೆ. ಚಹಾ ತಂದಿಟ್ಟರು. ಚಹಾ ಆರುವವರೆಗೆ ಎಲ್ಲವನ್ನೂ ಹೇಳಿದೆ. ಬಸ್ಸು, ನಗೆ, ಕಿಚ್ಚು, ಸುಳ್ಳು.

ಬೈಯುತ್ತಾರೆಂದುಕೊಂಡಿದ್ದೆ. ಅದಕ್ಕೆ ಸಿದ್ಧನಾಗಿಯೇ ಹೋಗಿದ್ದೆ.

"ಕಾಕಾರ," ಎಂದರು, ಬಹಳ ಮೆತ್ತಗೆ, "ವಯಸ್ಸಾದ ಮ್ಯಾಲೆ ಹಿಂಗಽ ತಪ್ಪು ಮೈಮ್ಯಾಲೆ ಹಾಕ್ಕೊಂಡು ಮಂದಿಗೆ ಸಮಾಧಾನ ಹೇಳಾಕ ಹತ್ತೀರೇನು? ಅದು ಹುಡುಗಾಟಕಿ ಬರವಣಿಗಿ ಇತ್ತು. ಹೋದದ್ದಽ ಛಲೋ ಆತು."

"ಇಲ್ರಿ ಅಕ್ಕೋರ. ಅದು ಈ ಪುಸ್ತಕಕ್ಕಿಂತ ಛಲೋ ಇತ್ತು."

"ಇತ್ತು ಅನ್ನಾಕ ಸಾಕ್ಷಿ ಏನೈತ್ರಿ?" ನಕ್ಕರು. "ನೀವಽ ಕೇಳ್ತಿದ್ರೆಲ್ಲ, ಹಂಗಽ ಕೇಳಾಕತ್ತೇನಿ."

ಸಾಕ್ಷಿ ಎಂದರೆ ನನ್ನ ನೆನಪು. ಏರು ಹತ್ತುವ ನೀರಿನ ಭಾಗವನ್ನು ಅವರಿಗೇ ಹೇಳಲು ಹೊರಟೆ. ಸಂಗತಿ ತಪ್ಪದೆ, ಒಂದಾದ ಮೇಲೆ ಒಂದು ಹೇಳಿದೆ. ಅಕ್ಕೋರು ಗೌರವದಿಂದ ಕೇಳಿದರು, ನಗಲಿಲ್ಲ. "ಹಿಂಗ ಬರದಿದ್ನೇನ್ರಿ ನಾ?" ಎಂದರು. ಹೀಗೆ ಬರೆದಿರಲಿಲ್ಲ. ಹೇಗೆ ಬರೆದಿದ್ದರು ಎಂಬುದು ನನ್ನ ಬಾಯಿಗೆ ಬರಲಿಲ್ಲ. ಆ ಪುಸ್ತಕವನ್ನು ಓದಿದ್ದು ಲೋಕದಲ್ಲಿ ನಾನೊಬ್ಬನೇ, ಬರೆದವರಿಗೇ ಮರೆತುಹೋಗಿದೆ.

"ನಾ ಇದನ್ನ ಬರದಽ ಬರೀತೇನ್ರಿ," ಎಂದೆ.

"ಬರೀರಿ. ನಂಬೋರು ಯಾರು? ದೊಡ್ಡ ಮನಸ್ಸಿನವರು ಅಂತಾರ ನಿಮಗ. ಮುನ್ನುಡಿ ಒಂದು ಮರೀಬ್ಯಾಡ್ರಿ ಮತ್ತ."

"ಮುನ್ನುಡಿ ಬರಿಯಾಂಗಿಲ್ಲ."

ಆಗ ಅವರ ಮುಖ ಬದಲಾಯಿತು. ಅಷ್ಟೆಲ್ಲ ಹೇಳಿದಾಗ ಆಗದ ಗಾಯ ಈ ಒಂದು ಮಾತಿನಿಂದ ಆಯಿತು. ಚಹಾದ ಕಪ್ಪು-ಬಸಿ ಎತ್ತಿಕೊಂಡು ಎದ್ದು, ಬಾಗಿಲಲ್ಲಿ ನಿಂತು ಕೇಳಿದರು:

"ನನ್ನ ಪುಸ್ತಕ ನಿಮಗ ಸೇರಿಲ್ಲ ಅಂತ ನೆಟ್ಟಗ ಹೇಳ್ರಿ. ಇದಕ್ಕ ಇಷ್ಟ್ಯಾಕ ಕಥಿ ಕಟ್ಟಬೇಕು?"

ಸೇರಿಲ್ಲ ಎಂಬುದು ನಿಜವಾಗಿತ್ತು. ಕಥೆ ಕಟ್ಟಿದ್ದೆ ಎಂಬುದೂ ನಿಜವಾಗಿತ್ತು — ಆದರೆ ಆ ಕಥೆ ಇದಲ್ಲ. ಕೈ ಮುಗಿದು ಹೊರಬಂದೆ. ಇಷ್ಟು ವರ್ಷ ಆಕೆ ಹೊತ್ತು ತಿರುಗಿದ ತಿರಸ್ಕಾರ ಎಂದೂ ನಡೆದಿರಲಿಲ್ಲ. ಅದು ನಡೆದದ್ದು ಈಗ, ಆ ಬಾಗಿಲಲ್ಲಿ, ನನ್ನಿಂದಲೇ.