ಅಕ್ಕ ಮೆಟ್ಟಿದ ಕಟ್ಟು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ, ಹೊಳೆ ಇತ್ತು. ನಮ್ಮದು ಕುಂದಾಪುರದ ಹತ್ತಿರದ ಕುದ್ರು, ಅಂದರೆ ಹೊಳೆಯ ನಡುವಿನ ಪುಟ್ಟ ನಡುಗಡ್ಡೆ. ಸಮುದ್ರ ಉಬ್ಬಿದಾಗ ಹೊಳೆಗೆ ಉಪ್ಪುನೀರು ನುಗ್ಗುತ್ತಿತ್ತು. ಅದು ಗದ್ದೆಗೆ ಹೊಕ್ಕರೆ ಪೈರು ಸುಟ್ಟಂತೆ ಒಣಗುತ್ತಿತ್ತು. ಅದಕ್ಕೇ ಗದ್ದೆಗಳ ಸುತ್ತ ಮಣ್ಣಿನ ಕಟ್ಟು. ಕಟ್ಟು ಕುಸಿದರೆ ಕೂಗು ಬೀಳುತ್ತಿತ್ತು. ಮನೆಗೆ ಇಬ್ಬರಂತೆ ಹೋಗಿ, ನೀರಿಗಿಳಿದು ಮಣ್ಣು ಮೆಟ್ಟಬೇಕು. ಹೋಗದ ಮನೆಯವರ ಗದ್ದೆಗೆ ಮುಂದೆ ಯಾರೂ ಬರುತ್ತಿರಲಿಲ್ಲ. ನಮ್ಮ ಮನೆಯಿಂದ ಅಪ್ಪ ಮತ್ತು ನಾನು.

ನನ್ನ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಯ ಬೆಳಿಗ್ಗೆಯೇ ಆ ಕೂಗು ಬಿತ್ತು. ಅಮಾವಾಸ್ಯೆಯ ಉಬ್ಬರ, ಭತ್ತ ತೆನೆಗಟ್ಟಿತ್ತು. ಶಾಲೆ ಆಚೆ ದಡದಲ್ಲಿ, ದೋಣಿ ಹೊರಡುವ ಹೊತ್ತು. ಗಂಜಿತಿಳಿ ಹಾಕಿದ ಅಂಗಿ ಮೈಮೇಲೆ ಗರಗರ ಅನ್ನುತ್ತಿತ್ತು. ಅಪ್ಪ ನನ್ನನ್ನು ನೋಡಿದರು, ಹೊಳೆಯನ್ನು ನೋಡಿದರು. ನಮ್ಮ ಮನೆಯಲ್ಲಿ ಆ ಪರೀಕ್ಷೆಗೆ ಕೂತವರು ಅದುವರೆಗೆ ಯಾರೂ ಇರಲಿಲ್ಲ.

ಅಕ್ಕ ಒಲೆಯ ಬುಡದಿಂದ ಎದ್ದು ಬಂದು ಸೀರೆ ಎತ್ತಿ ಕಟ್ಟಿದಳು. “ಅವ ಪರೀಕ್ಷೆ ಬರೀಲಿ. ಅವ್ನ ಬದ್ಲಿಗೆ ನಾನ್ ಮೆಟ್ತೆ.”

ಪಕ್ಕದ ಮನೆಯ ದೊಡ್ಡಪ್ಪ ನಕ್ಕರು. “ಹೆಣ್ಣ್ ಮೆಟ್ಟಿದ್ ಮಣ್ಣ್ ನಿಲ್ಲತ್ತಾ?”

“ನಿಲ್ದಿರೆ ನಾಳಿಗ್ ಬಂದ್ ನನ್ನತ್ರ ಕೇಣಿ,” ಅಂದವಳೇ ನಡೆದಳು.

ಪ್ರಶ್ನೆಪತ್ರಿಕೆ ಎದುರಿಗಿತ್ತು, ಕಿಟಕಿಯಾಚೆ ಹೊಳೆ ಏರುತ್ತಿತ್ತು. ಒಂದು ಲೆಕ್ಕ ಮಾಡುವುದು, ತಲೆ ಎತ್ತುವುದು. ದೋಣಿಕಟ್ಟೆಯ ಮೆಟ್ಟಿಲು ಒಂದೊಂದೇ ಮುಳುಗುತ್ತಿದ್ದವು. ಮೇಷ್ಟ್ರು ಬಂದು ನನ್ನ ತಲೆಯನ್ನು ಮೆಲ್ಲಗೆ ಕಾಗದದ ಕಡೆ ತಿರುಗಿಸಿದರು. ಅಕ್ಕ ನೀರಿನಲ್ಲಿ ನಿಂತಿದ್ದಾಳೆ ಎಂದುಕೊಂಡು ಮತ್ತೆ ಬರೆದೆ.

ವಾಪಸು ಬರುವಾಗ ದೋಣಿಯಲ್ಲಿ ನಿಂತೇ ಇದ್ದೆ. “ಕೂಕೋ ಮಾರಾಯ, ದೋಣಿ ಮಗ್ಚತ್ತ್,” ಎಂದು ಅಂಬಿಗ ಗದರಿದ. ಕೂರಲಾಗಲಿಲ್ಲ. ಹತ್ತಿರವಾದಂತೆ ಕಂಡಳು ಅಕ್ಕ, ಕಾಲು ಇಳಿಬಿಟ್ಟು ಕೂತಿದ್ದಳು. ಸೊಂಟದವರೆಗೆ ಕೆಸರು ಒಣಗಿ ಬೆಳ್ಳಗಾಗಿತ್ತು.

“ಎಲ್ಲಾ ಬರದ್ಯಾ?”

“ಬರದೆ. ಕಟ್ಟ್?”

“ನಾನ್ ಎಂತದ್ರ ಮೇಲ್ ಕೂಕಂಡಿದ್ದೆ, ಕಾಂತಿಲ್ಯಾ?”

ಆ ಕುದ್ರುವಿನ ಮೊದಲ ಪದವೀಧರ ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಕ್ಕನ ಮಾತು ಎತ್ತದೆ ಅದನ್ನು ಹೇಳುವುದೂ ಇಲ್ಲ.

ಮೊಮ್ಮಕ್ಕಳೇ, ಈ ಪರದೇಶದಲ್ಲಿ ಗ್ರೋನಿಂಗನ್ ಪಟ್ಟಣದಿಂದ ಉತ್ತರಕ್ಕಿರುವ ನಿಮ್ಮ ಈ ಹಳ್ಳಿಮನೆಯ ಹಿಂದೆಯೂ ಒಂದು ಕಟ್ಟು ಇದೆ. ನೀವು ಅದನ್ನು ಇಲ್ಲಿಯ ಭಾಷೆಯಲ್ಲಿ ದೈಕ್ ಅನ್ನುತ್ತೀರಿ. ಅದರ ಮೇಲೆ ಕುರಿ ಮೇಯುತ್ತವೆ, ಆಚೆ ಸಮುದ್ರ. ಇಲ್ಲಿ ಕೂಗು ಬೀಳುವುದಿಲ್ಲ. ನೀರು ಕಾಯಲು ಮನೆಯಿಂದ ಜನ ಹೋಗುವುದಿಲ್ಲ, ತೆರಿಗೆ ಹೋಗುತ್ತದೆ. ನೀವು ನಿಶ್ಚಿಂತೆಯಿಂದ ಆಡುತ್ತೀರಿ. ಗಾಳಿ ಜೋರಾದರೆ ನಾನು ಮಾತ್ರ ಕುರ್ಚಿಗೂ ಕಿಟಕಿಗೂ ಓಡಾಡುತ್ತೇನೆ. “ಅಜ್ಜ, ದೈಕ್ ಬೀಳಲ್ಲ, ಸಿಟ್ ಡೌನ್,” ಎನ್ನುತ್ತಾಳೆ ನಿಮ್ಮಲ್ಲಿ ಚಿಕ್ಕವಳು.

ಮೊನ್ನೆ ಗಾಳಿ ಎದ್ದಾಗ ಅಕ್ಕನಿಗೆ ವಿಡಿಯೋ ಕಾಲ್ ಮಾಡಿ, ಕಿಟಕಿಯಿಂದಲೇ ದೈಕ್ ತೋರಿಸಿದೆ. ತುಂಬ ಹೊತ್ತು ನೋಡಿದಳು.

“ಒಬ್ರೂ ಇಲ್ಯಲಾ ಅಲ್ಲಿ. ನೀ ಒಂದ್ ಸಲ ಹೋಯಿ ಕಂಡ್ಕಂಡ್ ಬಾ.”

ಕೋಟು ಹಾಕಿಕೊಂಡೆ. ಈ ಕತೆಯನ್ನು ಎಷ್ಟೋ ಸಲ ಕೇಳಿದ್ದ ಚಿಕ್ಕವಳು ಬಾಗಿಲ ಬಳಿ ಆಗಲೇ ರಬ್ಬರ್ ಬೂಟಿಗೆ ಕಾಲು ತೂರಿಸುತ್ತಿದ್ದಳು.

“ಮನೆಯಿಂದ ಟೂ ಪೀಪಲ್ ಹೋಗ್ಬೇಕಲ್ವಾ ಅಜ್ಜ?”