ಎಡಬಲ ಸಮವಾಗದ ಮೋಡ

ಕೋಟೆಯ ಬಳಿಯ ಹೋಟೆಲಿನಲ್ಲಿ ಭಾನುವಾರ ನಾನೂ ನನ್ನ ಗೆಳೆಯನೂ ಬೈ ಟು ಕಾಫಿ ಹಿಡಿದು ಪರಮಾಣುಗಳ ಬಗ್ಗೆ ಮಾತಾಡುತ್ತಿದ್ದೆವು. ಭಾನುವಾರವೇ ಹೌದೇ, ಖಚಿತವಿಲ್ಲ. ನೆನಪು ಎಲ್ಲ ಭೇಟಿಗಳನ್ನೂ ಭಾನುವಾರ ಮಾಡಿಬಿಟ್ಟಿದೆ. ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಅವನು ಆಗ ಭದ್ರಾವತಿಯಲ್ಲಿ ಕಲಿಸುತ್ತಿದ್ದ. ಈ ವಿಷಯದಲ್ಲಿ ನನಗೆ ಮಾತಿಗೆ ಸಿಗುತ್ತಿದ್ದವನು ಅವನೊಬ್ಬನೇ.

ಒಂದೇ ಬಗೆಯ ಎರಡು ಪರಮಾಣುಗಳು ಜಾಗ ಬದಲಿಸಿಕೊಂಡರೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ. ಆದರೆ ಅತಿಶೀತ ಅನಿಲದ ಪರಮಾಣುಗಳನ್ನು ಲೇಸರ್ ಬೆಳಕಿನ ಗುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ಬೆಳಕನ್ನು ತಕ್ಕಂತೆ ಅಲುಗಿಸಿದರೆ, ಆ ಅದಲುಬದಲು ಒಂದು ಗುರುತು ಉಳಿಸುತ್ತದೆ. ಎಡದಿಂದ ದಾಟಿದರೆ ಒಂದು ಗುರುತು, ಬಲದಿಂದ ದಾಟಿದರೆ ಇನ್ನೊಂದು. ಹೀಗೆ ವರ್ತಿಸುವ ಕಣಗಳಿಗೆ ಎನಿಯಾನ್ ಎಂದು ಹೆಸರು.

ನಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ಆ ಅನಿಲದ ಮೋಡವನ್ನು ಹರಡಲು ಬಿಟ್ಟಾಗ ಅದು ಬಲಕ್ಕೆ ಹೆಚ್ಚು ಹರಡಿತು. ಎಲ್ಲೋ ಪ್ಲಸ್ ಮೈನಸ್ ಚಿಹ್ನೆ ತಪ್ಪಿದೆ ಎಂದುಕೊಂಡು ಒಂದು ಬೇಸಿಗೆಯೆಲ್ಲ ತಿದ್ದಿ ತಿದ್ದಿ ಎಡಬಲ ಸಮ ಮಾಡಿದೆವು. ಸಮವಾದ ಮೋಡದಲ್ಲಿ ಹೊಸದೇನೂ ಇರಲಿಲ್ಲ. ಇಬ್ಬರೂ ಸೇರಿ ಬರೆಯುತ್ತಿದ್ದ ಪ್ರಬಂಧ ಅಲ್ಲಿಗೇ ನಿಂತಿತು. ಅವನು ಕಾಲೇಜು ಬಿಟ್ಟು ಮನೆಯಲ್ಲೇ ಪ್ರವೇಶ ಪರೀಕ್ಷೆಗೆ ಟ್ಯೂಷನ್ ಶುರು ಮಾಡಿದ.

ಈಚೆಗೆ ಹೊರದೇಶದ ಪ್ರಯೋಗಾಲಯವೊಂದರ ಚಿತ್ರ ನೋಡಿದೆ. ನಿಜವಾದ ಪರಮಾಣುಗಳ ಮೋಡ ಒಂದೇ ಕಡೆಗೆ ವಾಲಿತ್ತು. ಭದ್ರಾವತಿ ಬಸ್ಸು ಹತ್ತಿದೆ. ಸುದ್ದಿಯನ್ನು ಫೋನಿನಲ್ಲೇ ಹೇಳಬಹುದಿತ್ತು. ಅವನು ಮತ್ತೆ ಜೊತೆಗೆ ಕೂತಾನು ಎಂಬ ಆಸೆಗೆ ಹೋದೆ.

ಚಿತ್ರ ನೋಡಿ ಅವನು ಜೋರಾಗಿ ನಕ್ಕ. “ಅಯ್ಯೋ ಮಾರಾಯ, ಸರಿ ಇದ್ದದ್ದನ್ನೇ ಕೂತ್ಕೊಂಡು ರಿಪೇರಿ ಮಾಡಿದ್ವಲ್ಲೋ!”

“ಸಮ ಇರ್ಬೇಕು ಅಂದಿದ್ದು ನೀನು.”

“ನಾನಾ? ಕನ್ನಡಿ ಥರ ಇರ್ಬೇಕು ಅಂತ ಟೇಬಲ್ ಕುಟ್ಟಿದ್ದು ಯಾರಪ್ಪ?”

ಟೇಬಲ್ ಕುಟ್ಟಿದ ಸದ್ದು ನೆನಪಿದೆ. ಕೈ ಯಾರದು ಎಂಬುದು ನೆನಪಿಲ್ಲ.

“ಮತ್ತೆ ಶುರು ಮಾಡೋಣ್ವಾ?” ಎಂದೆ.

ಅವನು ಬೋರ್ಡ್ ಒರೆಸತೊಡಗಿದ. “ಈಗ ಬ್ಯಾಚ್ ಬರುತ್ತೆ ಕಣೋ. ನೀನು ಮಾಡು. ನನ್ ಹೆಸ್ರು ಹಾಕ್ಬೇಡ. ನಂಗೆ ಅದ್ಯಾವ್ದೂ ಈಗ ತಲೆಗೆ ಹತ್ತಲ್ಲ.”

ಮರುದಿನ ಕಾಲೇಜು ಮುಗಿಸಿ ಬಂದು, ದುರ್ಗಿಗುಡಿಯ ನನ್ನ ಕೋಣೆಯಲ್ಲಿ, ನಮ್ಮ ತಿದ್ದುಪಡಿಗಳನ್ನೆಲ್ಲ ತೆಗೆದು ಲೆಕ್ಕ ಓಡಿಸಿದೆ. ಮೋಡ ಬಲಕ್ಕೆ ವಾಲಿತು. “ನೋಡೋ” ಎಂದುಬಿಟ್ಟೆ, ಗಟ್ಟಿಯಾಗಿಯೇ. ಪ್ರಬಂಧದ ಮೊದಲ ಪುಟ ತೆರೆದು, ಹೇಳಿದಂತೆ, ನನ್ನ ಹೆಸರಿನ ಪಕ್ಕದಲ್ಲಿದ್ದ ಅವನ ಹೆಸರು ಅಳಿಸಿದೆ. ನನ್ನ ಹೆಸರು ತಾನಾಗಿಯೇ ಸರಿದು ಪುಟದ ನಟ್ಟನಡುವೆ ನಿಂತಿತು.